ಅನಿಮೇಷನ್ ಹಂಚಿಕೊಳ್ಳೋಕೆ ದುಬಾರಿ ಎನ್‌ಕೋಡರ್ ಬೇಕಾ?

ಒಂದು ಲ್ಯಾಪ್‌ಟಾಪ್ ಇದ್ದರೆ ಈಗ ಮನೆಯಲ್ಲೇ ಅನಿಮೇಷನ್ ಮಾಡಬಹುದು. ಅದಕ್ಕೆ ಬೇಕಾದ ಸಾಫ್ಟ್‌ವೇರ್‌ಗಳಾದ ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಜ್ ಮೂರೂ ಪುಕ್ಕಟೆ ಸಿಗುತ್ತವೆ. ಮಕ್ಕಳ ಪದ್ಯ, ಪುಟ್ಟ ಕಥೆ, ಕಾಲೇಜಿನ ಪ್ರಾಜೆಕ್ಟ್, ಬೇಕರಿಯ ಜಾಹೀರಾತು, ಹೀಗೆ ಏನೇನೋ ತಯಾರಾಗುತ್ತಿವೆ. ತೊಡಕು ಶುರುವಾಗುವುದು ಎಲ್ಲ ಮುಗಿದ ಮೇಲೆ. ಫೈಲ್ ನೋಡಿದರೆ ಹತ್ತಾರು ಜಿಬಿ. ಚಿಕ್ಕದು ಮಾಡಲು ಹೋದರೆ ಬಣ್ಣ ಮಾಸುತ್ತದೆ, ಗೆರೆಗಳ ಸುತ್ತ ಕೊಳೆ ಕಾಣಿಸಿಕೊಳ್ಳುತ್ತದೆ. 'ವಿಡಿಯೊ ಕನ್ವರ್ಟರ್' ಅಂತ ಹುಡುಕಿದರೆ ನೂರೆಂಟು ಸಾಫ್ಟ್‌ವೇರ್. ಕೆಲವು ವರ್ಷಕ್ಕೆ ಇಷ್ಟು ಅಂತ ದುಡ್ಡು ಕೇಳುತ್ತವೆ. ಕೆಲವು ಪುಕ್ಕಟೆ ಎನ್ನುತ್ತಲೇ ನಿಮ್ಮ ಚಿತ್ರದ ನಡುವೆ ತಮ್ಮ ಹೆಸರು ಒತ್ತುತ್ತವೆ.

ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಹಂಚಿಕೊಳ್ಳುವುದಷ್ಟೇ ಗುರಿಯಾದರೆ ಒಂದು ರೂಪಾಯಿ ಖರ್ಚು ಮಾಡುವ ಅಗತ್ಯವೂ ಹೆಚ್ಚಿನವರಿಗೆ ಇಲ್ಲ. ಯಾಕೆ ಇಲ್ಲ, ಯಾವಾಗ ಇದೆ ಅನ್ನುವುದು ತಿಳಿಯಬೇಕಾದರೆ ಒಳಗೆ ನಡೆಯುವುದೇನು ಅಂತ ಸ್ವಲ್ಪ ನೋಡಬೇಕು.

ಫೈಲ್ ಅಷ್ಟು ದೊಡ್ಡದಾಗುವುದು ಯಾಕೆ?

ಲೆಕ್ಕ ಹಾಕೋಣ. 1080ಪಿ ಅಂದರೆ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿ. ಗುಣಿಸಿದರೆ ಇಪ್ಪತ್ತು ಲಕ್ಷ ದಾಟುತ್ತದೆ. ಈ ಚುಕ್ಕಿಗಳೇ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್ ಬೇಕು. ಅಲ್ಲಿಗೆ ಒಂದು ಫ್ರೇಮ್ 6.2 ಎಂಬಿ. ಸೆಕೆಂಡಿಗೆ 24 ಫ್ರೇಮ್ ಅಂದರೆ ಮೂರು ನಿಮಿಷಕ್ಕೆ 4,320 ಫ್ರೇಮ್. ಒಟ್ಟು ಸುಮಾರು 27 ಜಿಬಿ. ಧ್ವನಿಯನ್ನು ಇನ್ನೂ ಸೇರಿಸಿಲ್ಲ.

1080ಪಿ ವಿಡಿಯೊಗೆ ಯೂಟ್ಯೂಬ್ ಸೂಚಿಸುವ ಅಳತೆ ಸೆಕೆಂಡಿಗೆ 8 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 1 ಎಂಬಿ, ಮೂರು ನಿಮಿಷಕ್ಕೆ 180 ಎಂಬಿ. ಮೂಲಕ್ಕಿಂತ ನೂರೈವತ್ತು ಪಟ್ಟು ಚಿಕ್ಕದು! ಅಷ್ಟು ಕುಗ್ಗಿಸಿಯೂ ನೋಡುವವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವ ಕೆಲಸಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಸೆಕೆಂಡಿಗೆ ಎಷ್ಟು ಮಾಹಿತಿ ಖರ್ಚಾಗುತ್ತದೆ ಅನ್ನುವುದಕ್ಕೆ ಬಿಟ್‌ರೇಟ್ ಅಂತ ಹೆಸರು. ಈ ಎರಡು ಮಾತು ಮುಂದೆ ಪದೇ ಪದೇ ಬರುತ್ತವೆ.

ಕುಗ್ಗಿಸುವುದು ಹೇಗೆ?

ಎನ್‌ಕೋಡಿಂಗ್ ಮಾಡುವ ಸಾಫ್ಟ್‌ವೇರ್, ಅಂದರೆ ಎನ್‌ಕೋಡರ್, ಮುಖ್ಯವಾಗಿ ಎರಡು ಉಪಾಯ ಮಾಡುತ್ತದೆ. ಒಂದು, ಎಲ್ಲ ಫ್ರೇಮ್‌ಗಳನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಫ್ರೇಮನ್ನು ಇಡಿಯಾಗಿ ಬರೆಯುತ್ತದೆ. ಇದು ಕೀಫ್ರೇಮ್. ಮುಂದಿನ ಫ್ರೇಮ್‌ಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ನಿಮ್ಮ ಚಿತ್ರದ ಅಜ್ಜಿ ಜಗಲಿಯಲ್ಲಿ ಕೂತು ಕೈ ಬೀಸುತ್ತಿದ್ದರೆ, ಜಗಲಿ, ಕಂಬ, ಹಿಂದಿನ ಗೋಡೆ ಒಂದೇ ಸಲ ಬರೆದರೆ ಸಾಕು. ಆಮೇಲೆ ಕೈಯದಷ್ಟೇ ಲೆಕ್ಕ.

ಎರಡನೆಯದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರವನ್ನು ಕೈಬಿಡುತ್ತದೆ. ಹೀಗೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ಒಮ್ಮೆ ಎನ್‌ಕೋಡ್ ಮಾಡಿದ ಫೈಲನ್ನೇ ಮತ್ತೆ ಎನ್‌ಕೋಡ್ ಮಾಡಿದರೆ ಉಳಿದದ್ದರಲ್ಲೂ ಒಂದಿಷ್ಟು ಹೋಗುತ್ತದೆ. ಅದಕ್ಕೇ ಕಡಿಮೆ ಕುಗ್ಗಿಸಿದ, ದೊಡ್ಡ ಗಾತ್ರದ ಮೂಲ ಪ್ರತಿಯೊಂದನ್ನು ಯಾವಾಗಲೂ ಇಟ್ಟುಕೊಳ್ಳಬೇಕು. ಇದಕ್ಕೆ ಮಾಸ್ಟರ್ ಎನ್ನುತ್ತಾರೆ. ಯೂಟ್ಯೂಬಿಗೊಂದು, ವಾಟ್ಸಾಪಿಗೊಂದು ಪ್ರತಿ ಬೇಕಾದಾಗಲೆಲ್ಲ ಮಾಸ್ಟರಿನಿಂದಲೇ ತೆಗೆಯಬೇಕು.

ಡಬ್ಬಿ ಬೇರೆ, ಒಳಗಿನ ತಿಂಡಿ ಬೇರೆ

'ನಂದು ಎಂಪಿ4 ಫೈಲು, ಆದ್ರೂ ಪ್ಲೇ ಆಗ್ತಿಲ್ಲ' ಅನ್ನುವ ದೂರು ಕೇಳಿರುತ್ತೀರಿ. ಎಂಪಿ4 ಅನ್ನುವುದು ಬರೀ ಡಬ್ಬಿ. ಒಂದೇ ಥರದ ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿಯೂ ಇರಬಹುದು, ಕೋಡುಬಳೆಯೂ ಇರಬಹುದು ಅಲ್ವಾ? ಎಂಪಿ4, ಎಂಕೆವಿ, ಎಂಒವಿ, ವೆಬ್‌ಎಂ ಇವೆಲ್ಲ ಡಬ್ಬಿಗಳು. ತಾಂತ್ರಿಕವಾಗಿ ಕಂಟೇನರ್. ಒಳಗಿರುವ ಚಿತ್ರವನ್ನು ಯಾವ ಪದ್ಧತಿಯಲ್ಲಿ ಕುಗ್ಗಿಸಿದೆ ಅನ್ನುವುದು ಕೋಡೆಕ್.

ಕೋಡೆಕ್‌ಗಳಲ್ಲಿ ಎಲ್ಲ ಕಡೆ ಓಡುವುದು ಎಚ್.264. 2003ರಲ್ಲಿ ಬಂತು. ಹಳೇ ಫೋನು, ಹಳೇ ಟಿವಿ, ಯಾವ ಬ್ರೌಸರ್ ಆದರೂ ತಕರಾರಿಲ್ಲದೆ ತೋರಿಸುತ್ತವೆ. 2013ರಲ್ಲಿ ಬಂದ ಎಚ್.265 ಅದೇ ಗುಣಮಟ್ಟವನ್ನು ಚಿಕ್ಕ ಫೈಲಿನಲ್ಲಿ ಕೊಡುತ್ತದೆ, ಆದರೆ ಎಲ್ಲ ಬ್ರೌಸರ್‌ಗಳಲ್ಲೂ ನೆಚ್ಚಿಕೊಳ್ಳುವಂತಿಲ್ಲ. 2018ರ ಎವಿ1 ಇನ್ನೂ ಚಿಕ್ಕದು ಮಾಡುತ್ತದೆ, ರಾಯಧನದ ಕಾಟವಿಲ್ಲದೆ ಬಳಸಲಿ ಅಂತಲೇ ಮಾಡಿದ್ದು. ಆದರೆ ಎನ್‌ಕೋಡ್ ಮಾಡಲು ಸಮಯ ಜಾಸ್ತಿ, ಹಳೆಯ ಫೋನುಗಳು ತಿಣುಕುತ್ತವೆ. ಯಾರ ಕೈಯಲ್ಲಿ ಯಾವ ಫೋನ್ ಇದೆಯೋ ಗೊತ್ತಿಲ್ಲದಿದ್ದಾಗ ಎಂಪಿ4 ಡಬ್ಬಿ, ಎಚ್.264 ಚಿತ್ರ, ಎಎಸಿ ಧ್ವನಿ ಕೊಟ್ಟು ನೆಮ್ಮದಿಯಾಗಿರಬಹುದು.

ಜಿಫ್ ಕೂಡ ಅನಿಮೇಷನ್‌ಗೇ ಅಲ್ವಾ ಅಂತ ಕೇಳಬಹುದು. 1987ರ ಪದ್ಧತಿ ಅದು. ಒಂದು ಫ್ರೇಮಿಗೆ 256 ಬಣ್ಣ ಮಾತ್ರ, ಧ್ವನಿ ಇಲ್ಲ, ಗಾತ್ರವೂ ಜಾಸ್ತಿ. ಎರಡು ಸೆಕೆಂಡಿನ ತಮಾಷೆಗೆ ಸರಿ, ಅದಕ್ಕಿಂತ ಉದ್ದದ್ದಕ್ಕೆ ಬೇಡ.

ಅನಿಮೇಷನ್ ಅಂದರೆ ಎನ್‌ಕೋಡರ್‌ಗೆ ಸುಲಭವೂ ಹೌದು, ಕಷ್ಟವೂ ಹೌದು

ಕ್ಯಾಮೆರಾದಲ್ಲಿ ತೆಗೆದ ವಿಡಿಯೊಗೂ ಬಿಡಿಸಿದ ಚಿತ್ರಕ್ಕೂ ತುಂಬ ವ್ಯತ್ಯಾಸವಿದೆ. ಕೈಯಿಂದ ಬಿಡಿಸಿದ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರವನ್ನು ಎರಡು ಫ್ರೇಮ್ ಹಿಡಿದಿಡುತ್ತಾರೆ. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಚಿತ್ರ 12 ಮಾತ್ರ. ಎರಡನೇ ಫ್ರೇಮಿನಲ್ಲಿ ಏನೂ ಬದಲಾಗಿಲ್ಲವಾದ್ದರಿಂದ ಅದಕ್ಕೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ಒಂದೇ ಬಣ್ಣ ತುಂಬಿದ ಅಂಗಿ, ಗೋಡೆ ಎಲ್ಲವೂ ಅಗ್ಗ. ಇದು ಸುಲಭದ ಭಾಗ.

ಕಷ್ಟ ಇರುವುದು ಅಂಚುಗಳಲ್ಲಿ. ಬಿಳಿ ಹಿನ್ನೆಲೆಯ ಮೇಲೆ ಚೂಪಾದ ಕಪ್ಪು ಗೆರೆ ಇದೆ ಅಂದುಕೊಳ್ಳಿ. ಬಿಟ್‌ರೇಟ್ ಸಾಲದಾದಾಗ ಆ ಗೆರೆಯ ಅಕ್ಕಪಕ್ಕ ಬೂದು ಬಣ್ಣದ ಸಣ್ಣ ಚುಕ್ಕಿಗಳು ಮುಸುರಿಕೊಳ್ಳುತ್ತವೆ. ಮರ, ರಸ್ತೆ, ಜನ ಇರುವ ವಿಡಿಯೊದಲ್ಲಿ ಇಂಥದ್ದು ಮರೆಯಾಗಿಬಿಡುತ್ತದೆ. ಬಿಳಿ ಹಾಳೆಯ ಮೇಲೆ ಎದ್ದು ಕಾಣುತ್ತದೆ.

ಎರಡನೇ ತೊಂದರೆ ಬಣ್ಣದ್ದು. ಜಾಗ ಉಳಿಸಲು ಎನ್‌ಕೋಡರ್ ಬೆಳಕು–ನೆರಳಿನ ಮಾಹಿತಿಯನ್ನು ಪೂರ್ತಿ ಇಟ್ಟು, ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುತ್ತದೆ. ಇದಕ್ಕೆ 4:2:0 ಎಂದು ಕರೆಯುತ್ತಾರೆ. ನಮ್ಮ ಕಣ್ಣು ಬಣ್ಣಕ್ಕಿಂತ ಬೆಳಕಿನ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುವುದರಿಂದ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆದರೆ ಕಡು ನೀಲಿಯ ಮೇಲೆ ತೆಳು ಕೆಂಪು ಗೆರೆ ಎಳೆದು ನೋಡಿ, ಕೆಂಪು ಪಕ್ಕಕ್ಕೆ ಸೋರಿದಂತೆ ಕಾಣುತ್ತದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಆನ್‌ಲೈನ್ ವಿಡಿಯೊ ಹೆಚ್ಚುಕಡಿಮೆ ಎಲ್ಲವೂ 4:2:0 ಮೇಲೆಯೇ ನಡೆಯುತ್ತದೆ. ಕನ್ನಡ ಅಕ್ಷರಗಳನ್ನು ಪರದೆಯ ಮೇಲೆ ತೋರಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕೆಂಪು ಬಣ್ಣದಲ್ಲಿ ಸಣ್ಣಗೆ ಬರೆದ ಒತ್ತಕ್ಷರ ಕಲಸಿಹೋಗುತ್ತದೆ. ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕೊಟ್ಟರೆ ನಿಚ್ಚಳವಾಗಿ ಉಳಿಯುತ್ತದೆ.

ಮೂರನೆಯದು ಆಕಾಶ. ನೀಲಿಯಿಂದ ಕೇಸರಿಗೆ ನಯವಾಗಿ ಇಳಿಯಬೇಕಾದ ಸಂಜೆಯ ಬಾನು ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಇದಕ್ಕೆ ಬ್ಯಾಂಡಿಂಗ್ ಅನ್ನುತ್ತಾರೆ. 8 ಬಿಟ್ ವಿಡಿಯೊದಲ್ಲಿ ಪ್ರತಿ ಬಣ್ಣಕ್ಕೆ ಹೆಚ್ಚೆಂದರೆ 256 ಮಟ್ಟ. ದೊಡ್ಡ ಆಕಾಶಕ್ಕೆ ಅಷ್ಟು ಮೆಟ್ಟಿಲು ಸಾಲುವುದಿಲ್ಲ, ಎನ್‌ಕೋಡರ್ ಅವುಗಳನ್ನೂ ಒಟ್ಟುಗೂಡಿಸಿಬಿಡುತ್ತದೆ. ಚಿತ್ರದ ಮೇಲೆ ಕಣ್ಣಿಗೆ ಬೀಳದಷ್ಟು ಸಣ್ಣ ಗ್ರೇನ್, ಅಂದರೆ ಮರಳಿನಂಥ ಚುಕ್ಕಿಗಳನ್ನು ಹಾಕುವುದು ಇದಕ್ಕಿರುವ ಹಳೆಯ ಮದ್ದು. ಫೈಲ್ ಸ್ವಲ್ಪ ದಪ್ಪಗಾಗುತ್ತದೆ, ಪಟ್ಟೆ ಮಾಯವಾಗುತ್ತದೆ.

ಪುಕ್ಕಟೆ ಸಿಗುವವುಗಳಲ್ಲಿ ಯಾವುದು ಯಾತಕ್ಕೆ?

ಎಚ್.264 ಕುಗ್ಗಿಸುವ ಅಸಲಿ ಯಂತ್ರಗಳಲ್ಲಿ ಹೆಸರುವಾಸಿಯಾದದ್ದು ಎಕ್ಸ್264. ಅದು ಮುಕ್ತ ಸಾಫ್ಟ್‌ವೇರ್. ಅದನ್ನೂ ಬೇರೆ ನೂರಾರು ಕೋಡೆಕ್‌ಗಳನ್ನೂ ಒಟ್ಟಿಗೆ ನಡೆಸುವ ಸಾಧನ ಎಫ್‌ಎಫ್‌ಎಂಪೆಗ್. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ್ದು, ಈಗ ಜಗತ್ತಿನ ನಾನಾ ಕಡೆಯವರು ಸೇರಿ ನಡೆಸುತ್ತಿದ್ದಾರೆ. ಮಾರುಕಟ್ಟೆಯಲ್ಲಿ ದುಡ್ಡಿಗೆ ಸಿಗುವ ಎಷ್ಟೋ ಕನ್ವರ್ಟರ್‌ಗಳ ಒಳಗೆ ಇರುವುದೂ ಇವೇ. ಮೇಲಿನ ಗುಂಡಿಗಳಿಗೆ, ಬಣ್ಣದ ಕಿಟಕಿಗೆ ನಾವು ದುಡ್ಡು ಕೊಡುತ್ತಿರುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ 'ನಮ್ಮದರಲ್ಲಿ ಗುಣಮಟ್ಟ ಹೆಚ್ಚು' ಅನ್ನುವ ಜಾಹೀರಾತನ್ನು ಓದುವಾಗ ಇದು ತಲೆಯಲ್ಲಿರಲಿ.

ಎಫ್‌ಎಫ್‌ಎಂಪೆಗ್‌ಗೆ ಕಿಟಕಿ ಇಲ್ಲ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಬೇಕು. ಅಭ್ಯಾಸವಾದವರಿಗೆ ಇದಕ್ಕಿಂತ ಚುರುಕಾದದ್ದಿಲ್ಲ. ಅಷ್ಟು ಬೇಡ ಅನ್ನುವವರಿಗೆ ಹ್ಯಾಂಡ್‌ಬ್ರೇಕ್ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಾಟರ್‌ಮಾರ್ಕ್ ಇಲ್ಲ, ಅವಧಿಯ ಮಿತಿ ಇಲ್ಲ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಒಂದೇ ಕೊರತೆ, ಇದು ಬಿಡಿ ಚಿತ್ರಗಳ ಸರಣಿಯನ್ನು ತೆಗೆದುಕೊಳ್ಳುವುದಿಲ್ಲ. ವಿಡಿಯೊ ಫೈಲೇ ಬೇಕು.

ಈ ಕೊರತೆ ಅನಿಮೇಷನ್ ಮಾಡುವವರಿಗೆ ಮುಖ್ಯ. ಯಾಕೆಂದರೆ ಬ್ಲೆಂಡರ್‌ನಲ್ಲಿ ನೇರವಾಗಿ ಎಂಪಿ4ಗೆ ರೆಂಡರ್ (ಕಟ್ಟಿದ ದೃಶ್ಯವನ್ನು ಕಂಪ್ಯೂಟರ್ ಫ್ರೇಮ್ ಫ್ರೇಮಾಗಿ ಚಿತ್ರವಾಗಿಸುವುದು) ಮಾಡುವುದು ಜಾಣತನವಲ್ಲ. ಎಂಪಿ4 ಫೈಲಿನಲ್ಲಿ ಏನು ಎಲ್ಲಿದೆ ಅಂತ ತಿಳಿಸುವ ಸೂಚಿ ಸಾಮಾನ್ಯವಾಗಿ ಬರೆಯಲ್ಪಡುವುದು ಕೊನೆಯಲ್ಲಿ. ರಾತ್ರಿಯಿಡೀ ರೆಂಡರ್ ಆಗಿ ಬೆಳಗಿನ ಜಾವ ಕರೆಂಟ್ ಹೋಯಿತು ಅನ್ನಿ, ಆ ಫೈಲ್ ತೆರೆಯುವುದೇ ಇಲ್ಲ. ಪಿಎನ್‌ಜಿ ಚಿತ್ರಗಳ ಸರಣಿಯಾಗಿ ರೆಂಡರ್ ಮಾಡಿದ್ದರೆ ಹೋಗುವುದು ಆ ಕ್ಷಣ ತಯಾರಾಗುತ್ತಿದ್ದ ಒಂದು ಫ್ರೇಮ್ ಮಾತ್ರ. ಮಿಕ್ಕದ್ದು ಭದ್ರ. ನಿಂತಲ್ಲಿಂದ ಮತ್ತೆ ಶುರು ಮಾಡಬಹುದು.

ಆ ಸರಣಿಯನ್ನು ವಿಡಿಯೊ ಮಾಡಲು ಬ್ಲೆಂಡರ್‌ನ ಒಳಗೇ ಇರುವ ವಿಡಿಯೊ ಸೀಕ್ವೆನ್ಸರ್ ಸಾಕು. ಧ್ವನಿಯನ್ನೂ ಅಲ್ಲೇ ಕೂಡಿಸಬಹುದು. ಎಂಕೆವಿ ಡಬ್ಬಿಯಲ್ಲಿ ಎಫ್‌ಎಫ್‌ವಿ1 ಕೋಡೆಕ್ ಆರಿಸಿದರೆ ಏನೂ ನಷ್ಟವಾಗದ ಮಾಸ್ಟರ್ ಸಿಗುತ್ತದೆ. ಅದನ್ನು ಹ್ಯಾಂಡ್‌ಬ್ರೇಕಿಗೆ ಕೊಡಿ. ಶಟರ್ ಎನ್‌ಕೋಡರ್ ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಚಿತ್ರಗಳ ಸರಣಿಯನ್ನು ನೇರವಾಗಿಯೇ ತೆಗೆದುಕೊಳ್ಳುತ್ತದೆ. ಅದರ ಒಳಗೂ ಎಫ್‌ಎಫ್‌ಎಂಪೆಗ್ಗೇ. ಎಡಿಟಿಂಗ್, ಬಣ್ಣ ತಿದ್ದುವ ಕೆಲಸವೂ ಇದೆ ಅನ್ನುವವರಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದೆ. ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು.

ಆನ್‌ಲೈನ್ ಕನ್ವರ್ಟರ್ ತಾಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಫೈಲನ್ನು ಮೊದಲು ಅಲ್ಲಿಗೆ ಅಪ್‌ಲೋಡ್ ಮಾಡಬೇಕು, ಆಮೇಲೆ ಡೌನ್‌ಲೋಡ್ ಮಾಡಬೇಕು. ಸುಮ್ನೆ ಡೇಟಾ ದಂಡ.

ದುಡ್ಡು ಕೊಡುವುದು ಯಾವಾಗ ಸರಿ?

ಕೆಲಸವೇ ಕೇಳಿದಾಗ. ರಿಸಾಲ್ವ್‌ನ ಸ್ಟುಡಿಯೋ ಆವೃತ್ತಿಗೆ 295 ಡಾಲರ್, ಒಂದೇ ಸಲ ಕೊಟ್ಟರೆ ಆಯಿತು. 4ಕೆಗಿಂತ ದೊಡ್ಡ ಚಿತ್ರ, ಹೆಚ್ಚಿನ ಎಫೆಕ್ಟ್‌ಗಳು ಬೇಕಾದವರಿಗೆ ಅದು. ಅಡೋಬಿ ಮೀಡಿಯಾ ಎನ್‌ಕೋಡರ್ ಆ ಕಂಪನಿಯ ಚಂದಾದ ಜೊತೆಗೇ ಬರುತ್ತದೆ. ಅದೇ ಕಂಪನಿಯ ಆಫ್ಟರ್ ಎಫೆಕ್ಟ್ಸ್‌ಗೆ ಈಗಾಗಲೇ ಚಂದಾ ಕಟ್ಟುತ್ತಿದ್ದರೆ ಬಳಸಿ, ಎನ್‌ಕೋಡಿಂಗ್‌ಗೆ ಅಂತಲೇ ಚಂದಾ ಕಟ್ಟುವುದು ದಂಡ. ಚಿತ್ರಮಂದಿರದಲ್ಲಿ ತೋರಿಸಲು ಡಿಸಿಪಿ (ಅಲ್ಲಿನ ಪ್ರೊಜೆಕ್ಟರ್‌ಗೆ ಕೊಡುವ ಡಿಜಿಟಲ್ ಪ್ರತಿ) ಕೇಳಿದರೆ ಕೂಡ ತಕ್ಷಣ ಹಣ ತೆಗೆಯಬೇಕಿಲ್ಲ, ಡಿಸಿಪಿ-ಒ-ಮ್ಯಾಟಿಕ್ ಅನ್ನುವ ಉಚಿತ ಸಾಫ್ಟ್‌ವೇರ್ ಅದೇ ಕೆಲಸಕ್ಕೆ ಇದೆ.

ಪುಕ್ಕಟೆ ಸಾಫ್ಟ್‌ವೇರ್‌ಗೆ ನಾವು ಕೊಡುವ ಬೆಲೆ ಸಮಯ. ಎಕ್ಸ್264ರಲ್ಲಿ ಅಲ್ಟ್ರಾಫಾಸ್ಟ್‌ನಿಂದ ಪ್ಲಸೀಬೊವರೆಗೆ ವೇಗದ ಹಂತಗಳಿವೆ. ನಿಧಾನವಾದಷ್ಟೂ ಅದೇ ಗಾತ್ರದಲ್ಲಿ ಚಿತ್ರ ಚೆನ್ನಾಗಿ ಉಳಿಯುತ್ತದೆ. 'ಸ್ಲೋ' ತನಕ ಹೋಗುವುದರಲ್ಲಿ ಅರ್ಥವಿದೆ. ಆಮೇಲೆ ಸಿಗುವ ಲಾಭ ಅಷ್ಟಕ್ಕಷ್ಟೇ, ಲ್ಯಾಪ್‌ಟಾಪಿನ ಫ್ಯಾನ್ ಮಾತ್ರ ಬಡಿದುಕೊಳ್ಳುತ್ತದೆ. ಗ್ರಾಫಿಕ್ಸ್ ಚಿಪ್‌ನೊಳಗಿನ ಎನ್‌ಕೋಡರ್‌ಗಳಾದ ಎನ್‌ವೆಂಕ್, ಕ್ವಿಕ್ ಸಿಂಕ್ ಬಲು ವೇಗ. ಆದರೆ ಅದೇ ಗುಣಮಟ್ಟಕ್ಕೆ ಫೈಲ್ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ಮೂರು ನಿಮಿಷದ ಚಿತ್ರಕ್ಕೆ ಆ ಅವಸರ ಯಾಕೆ?

ಹ್ಯಾಂಡ್‌ಬ್ರೇಕ್‌ನಲ್ಲಿ ಮುಟ್ಟಬೇಕಾದ ಗುಂಡಿಗಳು

ಫೈಲ್ ತೆರೆದ ಕೂಡಲೇ 'ಫಾಸ್ಟ್ 1080ಪಿ30' ಅನ್ನುವ ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ಆಯ್ಕೆಗಳ ಕಟ್ಟು) ತಾನಾಗಿ ಬಂದು ಕೂರುತ್ತದೆ. ಅದನ್ನೇ ಇಟ್ಟುಕೊಂಡು ನಾಲ್ಕೈದು ಕಡೆ ತಿದ್ದಿದರೆ ಸಾಕು.

ಮೊದಲು ಡೈಮೆನ್ಷನ್ಸ್ ವಿಭಾಗದಲ್ಲಿ ಕ್ರಾಪಿಂಗ್ ನೋಡಿ. ಅದು 'ಆಟೊಮ್ಯಾಟಿಕ್' ಇರುತ್ತದೆ. ಸಿನಿಮಾದ ಮೇಲೆ ಕೆಳಗಿನ ಕಪ್ಪು ಪಟ್ಟಿ ಕತ್ತರಿಸಲು ಇಟ್ಟದ್ದು ಅದು. ನಿಮ್ಮ ಚಿತ್ರದಲ್ಲಿ ರಾತ್ರಿಯ ಕಪ್ಪು ಹಿನ್ನೆಲೆ ಇದ್ದರೆ ಅದನ್ನೂ ಪಟ್ಟಿ ಅಂತ ತಿಳಿದು ಕತ್ತರಿ ಹಾಕಬಹುದು. 'ನನ್' ಮಾಡಿ. ಫಿಲ್ಟರ್ಸ್ ವಿಭಾಗದಲ್ಲಿ ಡೀಇಂಟರ್‌ಲೇಸ್ ಆಫ್ ಮಾಡಿ. ಹಳೇ ಟಿವಿ ಕಾಲದ ವಿಡಿಯೊಗೆ ಬೇಕಾದದ್ದು ಅದು, ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಕ್ಕೆ ಕೆಲಸವಿಲ್ಲ.

ಮುಖ್ಯವಾದದ್ದು ವಿಡಿಯೊ ವಿಭಾಗ. ಎನ್‌ಕೋಡರ್ ಎಚ್.264, ಅದರ 10 ಬಿಟ್ ಆವೃತ್ತಿ ಬೇಡ. ಬ್ಯಾಂಡಿಂಗ್ ಕಡಿಮೆಯಾಗುತ್ತದೆ ನಿಜ, ಆದರೆ ಬಹಳಷ್ಟು ಫೋನುಗಳು ಎಚ್.264ರ 10 ಬಿಟ್ ಫೈಲನ್ನು ಸರಾಗವಾಗಿ ಓಡಿಸುವುದಿಲ್ಲ. ಫ್ರೇಮ್‌ರೇಟ್ 'ಸೇಮ್ ಆ್ಯಸ್ ಸೋರ್ಸ್', ಜೊತೆಗೆ 'ಕಾನ್‌ಸ್ಟಂಟ್'. ಟ್ಯೂನ್ ಅನ್ನುವ ಕಡೆ 'ಆ್ಯನಿಮೇಷನ್' ಅಂತಲೇ ಒಂದು ಆಯ್ಕೆ ಇದೆ. ಚಪ್ಪಟೆ ಬಣ್ಣ, ಮತ್ತೆ ಮತ್ತೆ ಬರುವ ಫ್ರೇಮ್‌ಗಳು ಇರುವ ಚಿತ್ರಕ್ಕೆ ತಕ್ಕಂತೆ ಎಕ್ಸ್264ನ್ನು ಹದ ಮಾಡುತ್ತದೆ. ಕೈಯಿಂದ ಬಿಡಿಸಿದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಕೂದಲು, ಹುಲ್ಲು, ಬಟ್ಟೆಯ ನೇಯ್ಗೆ ಎಲ್ಲ ಇರುವ ತ್ರೀಡಿ ಚಿತ್ರಕ್ಕೆ ಬೇಡ, ಸಣ್ಣ ವಿವರ ನಯವಾಗಿಹೋಗುತ್ತದೆ.

ಇನ್ನು ಗುಣಮಟ್ಟದ ಜಾರುಗುಂಡಿ. ಅದರ ಮೇಲೆ ಆರ್‌ಎಫ್ ಅಂತ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. 1080ಪಿಗೆ 20ರಿಂದ 24ರೊಳಗೆ ಇಡಿ ಅನ್ನುವುದು ಹ್ಯಾಂಡ್‌ಬ್ರೇಕ್‌ನವರ ಸಲಹೆ. ಅಂದಾಜಿಗೆ ಆರು ಅಂಕ ಇಳಿಸಿದರೆ ಗಾತ್ರ ದುಪ್ಪಟ್ಟು. ಪೂರ್ತಿ ಚಿತ್ರ ಕೊಟ್ಟು ಕಾಯುವ ಬದಲು, ಗೆರೆ ಜಾಸ್ತಿ ಇರುವ ಹತ್ತು ಸೆಕೆಂಡಿನ ತುಣುಕು, ಆಕಾಶ ಇರುವ ಇನ್ನೊಂದು ತುಣುಕು ಎನ್‌ಕೋಡ್ ಮಾಡಿ ನೋಡಿ. ಸಂಖ್ಯೆ ಎಲ್ಲಿಡಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.

ಗಾತ್ರಕ್ಕೆ ಮಿತಿ ಇದ್ದರೆ ಆರ್‌ಎಫ್ ಬಿಟ್ಟು ಸರಾಸರಿ ಬಿಟ್‌ರೇಟ್ ಆರಿಸಬೇಕು. ಐದು ನಿಮಿಷದ ಚಿತ್ರ 200 ಎಂಬಿ ಮೀರಬಾರದು ಅಂತ ಸ್ಪರ್ಧೆಯೊಂದು ಹೇಳಿದೆ ಅಂದುಕೊಳ್ಳಿ. 200ನ್ನು 8ರಿಂದ ಗುಣಿಸಿ, 300 ಸೆಕೆಂಡಿನಿಂದ ಭಾಗಿಸಿ. ಸೆಕೆಂಡಿಗೆ 5.3 ಮೆಗಾಬಿಟ್. ಧ್ವನಿಗೆ 160 ಕಿಲೋಬಿಟ್ ಬಿಟ್ಟು, ಸ್ವಲ್ಪ ಕೈ ಹಿಡಿದು, ವಿಡಿಯೊಗೆ 5000 ಅಂತ ಬರೆಯಿರಿ. 194 ಎಂಬಿ ಹತ್ತಿರ ಬರುತ್ತದೆ.

ಸಮ್ಮರಿ ವಿಭಾಗದಲ್ಲಿರುವ 'ವೆಬ್ ಆಪ್ಟಿಮೈಸ್ಡ್' ಗುರುತನ್ನೂ ಹಾಕಿ. ಮೇಲೆ ಹೇಳಿದ ಸೂಚಿಯನ್ನು ಅದು ಫೈಲಿನ ಮುಂಭಾಗಕ್ಕೆ ತರುತ್ತದೆ. ನಿಮ್ಮದೇ ಜಾಲತಾಣದಲ್ಲಿ ಹಾಕಿದಾಗ ಪೂರ್ತಿ ಇಳಿಯುವ ಮೊದಲೇ ವಿಡಿಯೊ ಶುರುವಾಗುತ್ತದೆ.

ಯೂಟ್ಯೂಬಿಗೊಂದು ಲೆಕ್ಕ, ವಾಟ್ಸಾಪಿಗೊಂದು ಲೆಕ್ಕ

ನೀವು ಏನೇ ಕೊಡಿ, ಯೂಟ್ಯೂಬ್ ಅದನ್ನು ತನ್ನದೇ ರೀತಿಯಲ್ಲಿ ಮತ್ತೆ ಎನ್‌ಕೋಡ್ ಮಾಡುತ್ತದೆ. ಹಾಗಾಗಿ ಅಲ್ಲಿಗೆ ಕಳಿಸುವಾಗ ಜಿಪುಣತನ ಬೇಡ. 8 ಮೆಗಾಬಿಟ್ ಅನ್ನುವುದು ಅವರ ಸಲಹೆ ಅಷ್ಟೇ, ಮಿತಿಯಲ್ಲ. ಅಪ್‌ಲೋಡ್ ಮಿತಿ 256 ಜಿಬಿ ಅಥವಾ 12 ಗಂಟೆ. ಖಾತೆಯನ್ನು ಫೋನ್ ನಂಬರಿನಿಂದ ದೃಢಪಡಿಸದಿದ್ದರೆ 15 ನಿಮಿಷ. ಇಂಟರ್ನೆಟ್ ಚೆನ್ನಾಗಿದ್ದರೆ ಆರ್‌ಎಫ್ 16ರಲ್ಲಿ ಮಾಡಿದ ದಪ್ಪ ಫೈಲನ್ನೇ ಕೊಡಿ. 1440ಪಿ, 4ಕೆ ವಿಡಿಯೊಗಳಿಗೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ ಕೊಡುವುದರಿಂದ ಕೆಲವು ಅನಿಮೇಟರ್‌ಗಳು 1080ಪಿ ಚಿತ್ರವನ್ನೇ ಹಿಗ್ಗಿಸಿ ಹಾಕುವುದುಂಟು. ಗೆರೆಗಳು ಚೂಪಾಗಿ ಉಳಿಯುತ್ತವೆ.

ವಾಟ್ಸಾಪ್‌ನಲ್ಲಿ ಗ್ಯಾಲರಿಯಿಂದ ಕಳಿಸಿದ ವಿಡಿಯೊ ಮತ್ತೆ ಕುಗ್ಗುತ್ತದೆ. ಅದೇ ಫೈಲನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ 2 ಜಿಬಿವರೆಗೆ ಇದ್ದ ಹಾಗೆಯೇ ತಲುಪುತ್ತದೆ. ಚಿತ್ರ ಮಾಡಿಸಿಕೊಂಡ ಗಿರಾಕಿಗೆ ತೋರಿಸುವಾಗ ಹೀಗೆ ಕಳಿಸಿ. ಮನೆಯವರ ಗುಂಪಿಗೆ 720ಪಿಯ ಪುಟ್ಟ ಪ್ರತಿ ಸಾಕು.

ಡೌನ್‌ಲೋಡ್ ಮಾಡುವಾಗ

ಪುಕ್ಕಟೆ ಸಾಫ್ಟ್‌ವೇರ್ ಹೆಸರಿನಲ್ಲಿ ನಕಲಿ ತಾಣಗಳೂ ಇವೆ. ಹ್ಯಾಂಡ್‌ಬ್ರೇಕ್ ದುಡ್ಡು ಕೇಳಿತು ಅಂದರೆ ಅದು ಅಸಲಿಯಲ್ಲ. ಅಸಲಿ ತಾಣಕ್ಕೂ ಒಮ್ಮೆ ಪೆಟ್ಟು ಬಿದ್ದಿದೆ. 2017ರ ಮೇ ತಿಂಗಳಲ್ಲಿ ಅವರ ಒಂದು ಡೌನ್‌ಲೋಡ್ ಸರ್ವರ್‌ಗೆ ಕಳ್ಳರು ನುಗ್ಗಿ ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಅನ್ನುವ ಕುತಂತ್ರಾಂಶ ಸೇರಿಸಿದ್ದ ಫೈಲ್ ಇಟ್ಟಿದ್ದರು. ಕೆಲವು ದಿನಗಳಲ್ಲಿ ಸಿಕ್ಕಿಬಿತ್ತು. ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಚೆಕ್‌ಸಮ್ ಅನ್ನುವ ಉದ್ದದ ಸಂಖ್ಯೆಯನ್ನು ನಿಮ್ಮ ಫೈಲಿನದರ ಜೊತೆ ತಾಳೆ ನೋಡುವುದು ಇಂಥದ್ದಕ್ಕೇ.

ಎಡವುವ ಜಾಗಗಳು

ಪಿಎನ್‌ಜಿ ಸರಣಿಯನ್ನು ಎಫ್‌ಎಫ್‌ಎಂಪೆಗ್‌ಗೆ ನೇರವಾಗಿ ಕೊಡುವವರಿಗೆ ಮೂರು ಪೇಚು ಎದುರಾಗುತ್ತವೆ. ಚಿತ್ರದ ಅಗಲವೋ ಎತ್ತರವೋ ಬೆಸಸಂಖ್ಯೆಯಾದರೆ, ಉದಾಹರಣೆಗೆ 1081, 4:2:0ಗೆ ಎನ್‌ಕೋಡ್ ಮಾಡುವಾಗ 'ಎರಡರಿಂದ ಭಾಗವಾಗುವುದಿಲ್ಲ' ಅಂತ ಹೇಳಿ ನಿಂತುಬಿಡುತ್ತದೆ. 4:2:0 ಪದ್ಧತಿಯಲ್ಲಿ ಬಣ್ಣವನ್ನು ಎರಡೆರಡು ಪಿಕ್ಸೆಲ್ ಜೋಡಿಸಿ ಲೆಕ್ಕ ಹಾಕುವುದೇ ಕಾರಣ. ಒಂದು ಸಾಲು ಕತ್ತರಿಸಿದರೆ ಮುಗಿಯಿತು.

ಎರಡನೆಯದು, ಕಂಪ್ಯೂಟರಿನಲ್ಲಿ ಓಡುವ ಎಂಪಿ4 ಫೋನಿನಲ್ಲಿ ಬರೀ ಕಪ್ಪು ಪರದೆ ತೋರಿಸುವುದು. ಪಿಎನ್‌ಜಿಯಲ್ಲಿ ಪೂರ್ತಿ ಬಣ್ಣದ ಮಾಹಿತಿ ಇರುತ್ತದೆ. ನಾವು ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಅದನ್ನು ಹಾಗೆಯೇ 4:4:4 ಆಗಿ ಉಳಿಸುತ್ತದೆ. ಫೋನಿಗೆ ಅದು ಅರ್ಥವಾಗುವುದಿಲ್ಲ. ಪಿಕ್ಸೆಲ್ ಫಾರ್ಮ್ಯಾಟ್ 4:2:0 ಅಂತ ನಾವೇ ಹೇಳಬೇಕು.

ಮೂರನೆಯದು ಧ್ವನಿ ಜಾರುವುದು. ಚಿತ್ರದ ಸರಣಿಗೆ ಫ್ರೇಮ್‌ರೇಟ್ ತಿಳಿಸದಿದ್ದರೆ ಎಫ್‌ಎಫ್‌ಎಂಪೆಗ್ 25 ಅಂತ ಅಂದಾಜು ಮಾಡಿಕೊಳ್ಳುತ್ತದೆ. 24ರಲ್ಲಿ ಮಾಡಿದ 4,320 ಫ್ರೇಮ್ ಆಗ 180 ಸೆಕೆಂಡ್ ಬದಲು 172.8 ಸೆಕೆಂಡಿಗೇ ಮುಗಿಯುತ್ತದೆ. ಶುರುವಿನಲ್ಲಿ ತುಟಿ ಮಾತಿಗೆ ಸರಿಹೊಂದುತ್ತದೆ, ಕೊನೆಯ ಹೊತ್ತಿಗೆ ಪಾತ್ರ ಮಾತು ಮುಗಿಸಿ ಏಳು ಸೆಕೆಂಡ್ ಆದ ಮೇಲೆ ಧ್ವನಿ ಕೇಳಿಸುತ್ತದೆ. ಧ್ವನಿಯ ಟ್ರ್ಯಾಕನ್ನು ಎಳೆದಾಡಿ ಕೂರಿಸಲು ಹೋಗಬೇಡಿ. ಚಿತ್ರ ಸರಣಿಯ ಹೆಸರಿಗೆ ಮುಂಚೆ ಫ್ರೇಮ್‌ರೇಟ್ 24 ಅಂತ ಸೇರಿಸಿ ಇನ್ನೊಮ್ಮೆ ಎನ್‌ಕೋಡ್ ಮಾಡಿ.